ಎಡಬದಿಯಲ್ಲಿ ನಡೆದವಳು

ನನಗೆ ಎಡಗಣ್ಣು ಇಲ್ಲ. ಕಪ್ಪು ಕನ್ನಡಕ ಹಾಕಿದರೂ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಸ್ವಲ್ಪ ಹೊತ್ತಿನಲ್ಲಿ ಅದು ಗೊತ್ತಾಗುತ್ತದೆ. "ಹುಟ್ಟಿನಿಂದಲೇ ಹೀಗೆಯಾ?" ಎಂದು ಕೇಳುತ್ತಾರೆ. "ಅಲ್ಲ, ಕೆಲಸ ಮಾಡುವಾಗ ಕಬ್ಬಿಣ ಹಾರಿ ಹೋದದ್ದು" ಎನ್ನುತ್ತೇನೆ. ಅವರಿಗೆ ಅಷ್ಟು ಸಾಕು. ಕೆಲವರು ತಮ್ಮ ಊರಿನ ಇನ್ನೊಬ್ಬ ಒಕ್ಕಣ್ಣನ ಸುದ್ದಿ ಹೇಳುತ್ತಾರೆ. ನಾನು ಕೇಳುತ್ತೇನೆ.

ಆ ಉತ್ತರದಲ್ಲಿ ನಾನು ಒಂದು ಮಾತನ್ನು ಬಿಡುತ್ತಲೇ ಬಂದೆ. ಒಂಬತ್ತು ವರ್ಷ ಬಿಟ್ಟೆ. ನನ್ನ ಹೆಂಡತಿ ಕಲ್ಯಾಣಿ ತೀರಿಕೊಂಡು ಈಗ ಎಂಟು ತಿಂಗಳಾಯಿತು. ಇನ್ನು ಬಿಡುವುದಿಲ್ಲ ಎಂದು ಬರೆಯಲು ಕೂತಿದ್ದೇನೆ. ನಾನು ಎಂಟನೇ ಕ್ಲಾಸಿನವರೆಗೆ ಓದಿದವನು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಬರುವ ಮಾತುಗಳನ್ನು ನನಗೆ ತಿಳಿದ ಕನ್ನಡಕ್ಕೆ ತಂದಿದ್ದೇನೆ. ಕಣ್ಣಿಗೆ ಏಟಾಗಿ ಆಸ್ಪತ್ರೆಯ ಬೆಂಚಿನಲ್ಲಿ ಕೂತವರು, ಅವರ ಪಕ್ಕದಲ್ಲಿ ಚೀಲ ಹಿಡಿದು ಕೂತ ಮನೆಯವರು, ಇಂಥವರು ಯಾರಾದರೂ ಓದಿದರೆ ಒಳ್ಳೆಯದು.

ನಮ್ಮ ಮನೆ ಬೆಳುವಾಯಿಯಲ್ಲಿ. ಗೇಣಿಯ ಎರಡು ಗದ್ದೆ, ಅಮ್ಮ, ನಾನು, ಕಲ್ಯಾಣಿ. ನನಗೆ ಮೂಡುಬಿದಿರೆಯ ಒಂದು ಬಸ್ ಶೆಡ್ಡಿನಲ್ಲಿ ಕೆಲಸ. ಬೆಳ್ತಂಗಡಿಗೂ ಬಂಟ್ವಾಳಕ್ಕೂ ಹೋಗಿ ಬರುವ ಬಸ್ಸುಗಳು ಸಂಜೆ ಅಲ್ಲಿಗೆ ಬಂದು ನಿಲ್ಲುತ್ತಿದ್ದವು. ರಸ್ತೆಗಳು ಹೇಗಿದ್ದವೆಂದರೆ ವಾರಕ್ಕೆರಡು ಸ್ಪ್ರಿಂಗ್ ಪಟ್ಟಿ ಮುರಿಯದಿದ್ದರೆ ನಮಗೇ ಆಶ್ಚರ್ಯವಾಗುತ್ತಿತ್ತು. ಹಿರಿಯ ಮೆಕ್ಯಾನಿಕ್ ಪಾವ್ಲು ಬಂಟ್ವಾಳದ ಕ್ರಿಶ್ಚಿಯನರು, ನಮ್ಮ ಕಡೆಯ ಮಾತಿನಲ್ಲಿ ಪೊರ್ಬುಗಳು. ಬಾಯಿಯಲ್ಲಿ ಸದಾ ಬೀಡಿ, ಮಾತಿನಲ್ಲಿ ಸದಾ ತಮಾಷೆ. ಕೈ ಮಾತ್ರ ದೇವರ ಕೈ.

ಕಲ್ಯಾಣಿಯ ತವರು ಅಳದಂಗಡಿ. ಕಣ್ಣಿಗೆ ಬಿದ್ದ ಕಸವನ್ನು ನಾಲಗೆಯಿಂದ ತೆಗೆಯುವುದು ಅವಳ ಅಜ್ಜಿಗೆ ಗೊತ್ತಿತ್ತು. ಅಜ್ಜಿಯಿಂದ ಅದು ಇವಳಿಗೆ ಬಂತು. ಕೊಯ್ಲು ಮುಗಿದು ಪಡಿಮಂಚದ ಮೇಲೆ ಭತ್ತ ಬಡಿಯುವ ದಿನಗಳಲ್ಲಿ ಹೊಟ್ಟು, ಭತ್ತದ ಮುಳ್ಳು ಯಾರ ಕಣ್ಣಿಗೂ ಹಾರಬಹುದು. ಆಗ ಎಲ್ಲರೂ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅವಳು ಮೂರು ಸಲ ಬಾಯಿ ಮುಕ್ಕಳಿಸುವಳು. ಬಂದವರನ್ನು ಬೆಳಕಿಗೆ ಮುಖ ಮಾಡಿಸಿ ಕೂರಿಸುವಳು. ಹೆಬ್ಬೆರಳಿನಿಂದ ರೆಪ್ಪೆ ಎತ್ತಿ, ನಾಲಗೆಯ ತುದಿಯಿಂದ ಒಂದೇ ಸಲ ಸವರುವಳು. ಸಿಕ್ಕಿದ್ದನ್ನು ಮುಂಗೈಯ ಮೇಲೆ ಇಟ್ಟು ತೋರಿಸುವಳು.

"ಇಗೊಳ್ಳಿ, ನಿಮ್ಮ ಬಂಡೆಕಲ್ಲು. ಇಷ್ಟಕ್ಕೆ ಇಷ್ಟು ಕೂಗಿದ್ದಾ?"

ಅವಳಿಗೆ ಆ ಕೆಲಸದಲ್ಲಿ ಹೆಮ್ಮೆ ಇತ್ತು. ನನಗೆ ಅವಳಿಗಿಂತ ಹೆಚ್ಚು ಇತ್ತು. ಅಮ್ಮನಿಗೂ ಇತ್ತು. ಬಂದವರಿಗೆ ಅಮ್ಮನೇ ಬೆಲ್ಲ, ನೀರು ತಂದಿಡುವಳು. ಅಮ್ಮನಿಗೆ ಸೊಸೆಯಲ್ಲಿ ಕಂಡ ಕೊರತೆ ಒಂದೇ. ಕಲ್ಯಾಣಿ ಬಹಳ ನಿಧಾನವಾಗಿ ಉಣ್ಣುವಳು. ಒಂದೊಂದು ತುತ್ತಿಗೂ ಏನೋ ಯೋಚಿಸುವಂತೆ. "ಇವಳ ಒಂದು ಊಟ ಮುಗಿಯುವಾಗ ನಮಗೆ ಎರಡನೇ ಬೆಳೆ ಕೊಯ್ಯಬಹುದು" ಎಂದು ಅಮ್ಮ ಬಂದವರ ಎದುರೇ ಹೇಳಿ ನಗುತ್ತಿದ್ದಳು. ಕಲ್ಯಾಣಿಯೂ ನಗುತ್ತಿದ್ದಳು, ತುತ್ತು ಬಾಯಲ್ಲಿಟ್ಟುಕೊಂಡೇ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಕೊಯ್ಲಿನ ದಿನಗಳು. ಮಧ್ಯಾಹ್ನದ ಮೇಲೆ ಒಂದು ಬಸ್ಸಿನ ಕೆಳಗೆ ಮಲಗಿ ಸ್ಪ್ರಿಂಗಿನ ತುಕ್ಕು ಹಿಡಿದ ಪಿನ್ನು ಹೊಡೆಯುತ್ತಿದ್ದೆ. ಕೈಯಲ್ಲಿದ್ದ ಚಾಣದ ತಲೆ ಏಟು ತಿಂದು ತಿಂದು ಅಣಬೆಯ ಹಾಗೆ ಅರಳಿತ್ತು. "ಅದನ್ನು ಸಾಣೆಗೆ ಹಿಡಿ ಮಾರಾಯ, ಅಂಚು ಹಾರ್ತದೆ" ಎಂದು ಪೊರ್ಬುಗಳು ಎರಡು ದಿನದಿಂದ ಹೇಳುತ್ತಿದ್ದರು. ನಾಳೆ ಹಿಡಿಯುವ ಎಂದು ಬಿಟ್ಟಿದ್ದೆ.

ಸುತ್ತಿಗೆಯ ನಾಲ್ಕನೆಯ ಏಟಿಗೆ ಎಡಗಣ್ಣಿಗೆ ಏನೋ ತಾಗಿತು. ದೊಡ್ಡ ನೋವೇನಲ್ಲ. ಒಂದು ಸೊಳ್ಳೆ ಕಚ್ಚಿದ ಹಾಗೆ. ಸ್ವಲ್ಪ ನೀರು ಸುರಿಯಿತು. ಹೊರಗೆ ಬಂದು ನೋಡಿದರೆ ಎಡಗಣ್ಣಿನ ಎದುರು ತೆಳ್ಳಗೆ ಹೊಗೆ ಕಟ್ಟಿದಂತಿತ್ತು. ಅಷ್ಟೇ. ಈಗ ಯಾರಾದರೂ ಕೇಳಿದರೆ ಮೊದಲು ನಾನು ಹೇಳುವುದು ಇದನ್ನೇ. ಕಣ್ಣಿನ ದೊಡ್ಡ ಗಾಯ ದೊಡ್ಡದಾಗಿ ನೋಯಬೇಕೆಂದಿಲ್ಲ.

ಪೊರ್ಬುಗಳು ಬೀಡಿ ಕೆಳಗಿಟ್ಟು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಬಾಬು, ಈಗಲೇ ಡಾಕ್ಟರಲ್ಲಿಗೆ ಹೋಗು. ಅರ್ಧ ಮೈಲು ಇಲ್ಲ."

"ಮನೆಯಲ್ಲೇ ಡಾಕ್ಟರು ಉಂಟಲ್ಲ ಪೊರ್ಬುಗಳೇ."

"ನೀನು ಮದುವೆಯಾದದ್ದೇ ಧರ್ಮಕ್ಕೆ ಸಿಗುವ ಡಾಕ್ಟರನ್ನು ಅಂತ ಗೊತ್ತುಂಟು. ಆದರೆ ಇದು ಭತ್ತದ ಹೊಟ್ಟು ಅಲ್ಲ, ಕಬ್ಬಿಣ. ತಮಾಷೆ ಬೇಡ."

ನಾನು ತಮಾಷೆ ಮಾಡುತ್ತಲೇ ಬೆಳುವಾಯಿಯ ಬಸ್ಸು ಹತ್ತಿದೆ. ಡಾಕ್ಟರ ಶಾಪಿನ ಎದುರೇ ಬಸ್ಸು ಹೋಯಿತು. ಬಾಗಿಲು ತೆರೆದಿತ್ತು. ಬೆಂಚಿನಲ್ಲಿ ಇಬ್ಬರೇ ಕೂತಿದ್ದರು.

ಕಲ್ಯಾಣಿ ಅಂಗಳದಲ್ಲಿ ಭತ್ತ ಗಾಳಿಗೆ ಹಿಡಿಯುತ್ತಿದ್ದಳು. ಅಮ್ಮ ತೋಡಿನ ಬದಿಯಲ್ಲಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ಕಲ್ಯಾಣಿ ನನ್ನನ್ನು ಬೆಳಕಿಗೆ ಕೂರಿಸಿದಳು. ರೆಪ್ಪೆ ಎತ್ತಿ ತುಂಬ ಹೊತ್ತು ನೋಡಿದಳು. ಬಾಯಿ ಮುಕ್ಕಳಿಸಲಿಕ್ಕೆ ಏಳಲಿಲ್ಲ.

"ಕರಿಯ ಭಾಗದಲ್ಲಿ ಕೂದಲಿನಷ್ಟು ಒಂದು ಗೆರೆ ಕಾಣ್ತದೆ. ಇದು ನನ್ನ ಕೆಲಸ ಅಲ್ಲ. ಡಾಕ್ಟರಲ್ಲಿಗೆ ಹೋಗುವ, ನಾನೂ ಬರ್ತೇನೆ."

"ಎಂತ ಡಾಕ್ಟರು? ನೀನು ನೋಡು."

"ನನಗೆ ಹೊಟ್ಟು ಗೊತ್ತು, ಮಣ್ಣು ಗೊತ್ತು. ಕಬ್ಬಿಣದ್ದು ಗೊತ್ತಿಲ್ಲ. ಅಜ್ಜಿಯೂ ಮಾಡಿದ್ದು ಕಾಣೆ. ನೀವು ಏಳಿ, ಐದೂವರೆಯ ಬಸ್ಸು ಸಿಕ್ತದೆ."

ನನಗೆ ಆಗ ಒಂದು ಸಣ್ಣ ಅವಮಾನವಾಯಿತು. ಯಾಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಶೆಡ್ಡಿನಲ್ಲಿ ಹೆಂಡತಿಯ ಹೆಸರು ಹೇಳಿ ದೊಡ್ಡ ಮಾತು ಆಡಿ ಬಂದಿದ್ದೆ. ಈಗ ಅದೇ ಹೆಂಡತಿಯನ್ನು ಕರೆದುಕೊಂಡು, ಬಂದ ದಾರಿಯಲ್ಲೇ ಡಾಕ್ಟರಲ್ಲಿಗೆ ಹೋಗುವುದು ಹೇಗೆ?

"ಊರಿನವರ ಕಣ್ಣಿಗೆಲ್ಲ ಆಗ್ತದೆ, ಗಂಡನ ಕಣ್ಣು ಅಂದ್ರೆ ಆಗುವುದಿಲ್ಲವಾ?" ಎಂದು ಅವಳ ಮಣಿಕಟ್ಟು ಹಿಡಿದು ಎಳೆದೆ. "ಒಂದು ಸಲ ನೋಡು. ಸಿಗದಿದ್ದರೆ ನಾಳೆ ಹೋಗ್ತೇನೆ."

ಅವಳು ಬಾಯಿ ಮುಕ್ಕಳಿಸಿ ಬಂದಳು. ಒಂದೇ ಸಲ ಸವರಿದಳು. ಅದೇ ಹೊತ್ತಿಗೆ ಅಮ್ಮ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದಳು. ಅವಳು ಕಂಡದ್ದು ನನ್ನ ಕಣ್ಣಿನ ಮೇಲಿದ್ದ ಸೊಸೆಯ ನಾಲಗೆಯನ್ನು ಮಾತ್ರ. ಅದರ ಹಿಂದಿನ ಮಾತು ಅವಳು ಕೇಳಿರಲಿಲ್ಲ.

"ಏನೂ ಸಿಗಲಿಲ್ಲ. ನಾಳೆ ಹೋಗ್ತೀರಲ್ಲ?" ಎಂದಳು ಕಲ್ಯಾಣಿ, ಮೆಲ್ಲಗೆ.

"ಹೂಂ" ಎಂದೆ.

ಮರುದಿನ ಹೋಗಲಿಲ್ಲ. ನೋವಿರಲಿಲ್ಲ, ಹೊಗೆ ಮಾತ್ರ ಇತ್ತು. ಶೆಡ್ಡಿಗೆ ಹೋಗಿ ಪೊರ್ಬುಗಳಿಗೆ "ಡಾಕ್ಟರು ತೆಗೆದರು" ಎಂದು ಸುಳ್ಳು ಹೇಳಿದೆ. ಮೂರನೆಯ ದಿನ ಬೆಳಿಗ್ಗೆ ರೆಪ್ಪೆ ಬಾತು ಅಂಟಿಕೊಂಡಿತ್ತು. ತಲೆಯ ಎಡಭಾಗವೆಲ್ಲ ಒಳಗಿನಿಂದ ಯಾರೋ ಕುಟ್ಟಿದ ಹಾಗೆ. ಕಲ್ಯಾಣಿ ಸೀರೆ ಬದಲಿಸಿ, ನನ್ನ ಅಂಗಿ ಕೈಗೆ ಕೊಟ್ಟು, "ಹೊರಡುವ" ಎಂದಳು.

ಮೂಡುಬಿದಿರೆಯ ಡಾಕ್ಟರು ವಯಸ್ಸಾದವರು. ಬೆಂಚಿನಲ್ಲಿ ಎಂಟು ಜನ ಇದ್ದರೂ ನನ್ನನ್ನು ಕಂಡು ಮೊದಲು ಒಳಗೆ ಕರೆದರು. ಟಾರ್ಚು ಹಾಕಿ ನೋಡಿದವರು ರೆಪ್ಪೆಯನ್ನು ಬಹಳ ಜೋಪಾನದಿಂದ ಬಿಟ್ಟರು.

"ಪಾಪೆ ದುಂಡಗಿಲ್ಲ. ಒಂದು ಬದಿಗೆ ಎಳೆದಿದೆ. ಒಳಗೆ ಹೋಗಿದೆ ಇದು. ಯಾವಾಗ ಆದದ್ದು?"

"ಮೊನ್ನೆ."

"ಮೊನ್ನೆ! ಯಾರಾದರೂ ಮುಟ್ಟಿದ್ದಾರಾ? ಹಾಲು, ಸೊಪ್ಪಿನ ರಸ, ಎಂತದಾದರೂ?"

ಬಾಗಿಲ ಬಳಿ ನಿಂತಿದ್ದ ಕಲ್ಯಾಣಿ, "ನಾನು ನಾಲಗೆ ಹಾಕಿದೆ ಡಾಕ್ಟ್ರೇ" ಎಂದಳು.

ಡಾಕ್ಟರು ಬೈಯಲಿಲ್ಲ. "ಆವತ್ತೇ ಇಲ್ಲಿಗೆ ಯಾಕೆ ಬರಲಿಲ್ಲಮ್ಮ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಡಾಕ್ಟರು ಉತ್ತರಕ್ಕೆ ಕಾಯದೆ ಕಾಂಪೌಂಡರನ್ನು ಕರೆದು ಪೆನ್ಸಿಲಿನ್ ಚುಚ್ಚಲು ಹೇಳಿದರು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಹಿಂದೆಯೇ ಇದ್ದ ಅವರ ಮನೆಯಿಂದ ಒಂದು ಸಣ್ಣ ತೆಂಗಿನ ಗೆರಟೆ ತರಿಸಿದರು. ನಯವಾಗಿ ಹೆರೆದು, ಕುದಿಯುವ ನೀರಲ್ಲಿ ಹಾಕಿ ತೆಗೆದು, ಒರೆಸಿ, ನನ್ನ ಕಣ್ಣಿನ ಮೇಲೆ ಕವಿಚಿ ಇಟ್ಟರು. ಅಂಚು ಹುಬ್ಬಿನ ಎಲುಬಿಗೂ ಕೆನ್ನೆಯ ಎಲುಬಿಗೂ ಕೂತಿತು. ಕಣ್ಣಿಗೆ ಎಲ್ಲೂ ತಾಗಲಿಲ್ಲ. ಅದರ ಮೇಲೆ ಬಟ್ಟೆ ಕಟ್ಟಿದರು.

"ಒತ್ತಬಾರದು, ತೊಳೆಯಬಾರದು, ಉಜ್ಜಬಾರದು. ಕೆಮ್ಮು ಬಂದರೂ ಮೆಲ್ಲ ಕೆಮ್ಮು. ಈಗಲೇ ಮಂಗಳೂರಿಗೆ ಹೋಗಿ, ಚೀಟಿ ಕೊಡ್ತೇನೆ."

ಗುರುಪುರದ ದಾರಿಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಕಲ್ಯಾಣಿ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ತುಂಬಿದ ಕೊಡ ಹಿಡಿದಂತೆ. ಎದುರಿನ ಸೀಟಿನ ಹೆಂಗಸೊಬ್ಬಳು, "ಗೆರಟೆ ಯಾಕಮ್ಮ ಕಟ್ಟಿದ್ದು, ಹರಕೆಯಾ?" ಎಂದು ಕೇಳಿದಳು. ಕಲ್ಯಾಣಿಗೆ ಆ ಹೊತ್ತಲ್ಲೂ ನಗು ಬಂತು. "ಹೌದು, ಇವರು ಹೇಳಿದ ಮಾತು ಕೇಳಲಿ ಅಂತ ಹರಕೆ" ಎಂದಳು. ನನಗೂ ನಗು ಬಂತು. ಆ ದಿನದ ನಂತರ ನಾವು ಹಾಗೆ ಒಟ್ಟಿಗೆ ನಕ್ಕದ್ದು ನೆನಪಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಚಾಣದ ಚೂರು ಕಣ್ಣಿನ ಒಳಗೇ ಕೂತಿತ್ತು. ದೊಡ್ಡ ಅಯಸ್ಕಾಂತ ಹಿಡಿದು ಅದನ್ನು ಹೊರಗೆಳೆದರು. ಹತ್ತಿಯ ಮೇಲೆ ಇಟ್ಟು ತೋರಿಸಿದರು, ಸಾಸಿವೆಯ ಕಾಲು ಭಾಗ ಇರಬಹುದು. ಬಾತದ್ದು ನಾಲ್ಕು ದಿನದಲ್ಲಿ ಇಳಿಯಿತು. ಆದರೆ ಆ ಕಣ್ಣಿಗೆ ಬೆಳಕು ಕೂಡ ಗೊತ್ತಾಗುತ್ತಿರಲಿಲ್ಲ.

ನನ್ನ ಪಕ್ಕದ ಮಂಚದಲ್ಲಿ ಮುಂಡಾಜೆಯ ಒಬ್ಬರು ಅಜ್ಜ ಇದ್ದರು. ಪೊರೆ ತೆಗೆದು ಎರಡೂ ಕಣ್ಣಿಗೆ ಕಟ್ಟಿದ್ದರು. ಅಲುಗಾಡದೆ ಮಲಗಬೇಕಿತ್ತು. ಯಾರ ಹೆಜ್ಜೆ ಕೇಳಿದರೂ ಅವರು ಯಾರೆಂದು ಊಹಿಸುವರು. "ಇದು ನರ್ಸಮ್ಮ, ಸಿಟ್ಟಲ್ಲಿದ್ದಾಳೆ." "ಇದು ಗಂಜಿಯವ." ಕಲ್ಯಾಣಿ ಬಂದಾಗ, "ನಿನ್ನ ಹೆಂಡತಿ ಬಂದಳು, ಸುಮ್ಮನೆ ಅಳಬೇಡ ಹೇಳು ಅವಳಿಗೆ" ಎಂದರು ಒಂದು ದಿನ. ನಾನು ಬಲಗಣ್ಣು ತೆರೆದು ನೋಡಿದೆ. ಅವಳು ಶಬ್ದವಿಲ್ಲದೆ ಅಳುತ್ತಿದ್ದಳು. ಕಣ್ಣಿದ್ದ ನನಗೆ ಗೊತ್ತಾಗಿರಲಿಲ್ಲ.

ಅಮ್ಮ ಬಂದದ್ದು ಎಂಟನೆಯ ದಿನ. ವಾರ್ಡಿನ ಬಾಗಿಲಿನಿಂದಲೇ ನನ್ನ ಕಟ್ಟು ಕಂಡು ಎದೆ ಬಡಿದುಕೊಂಡಳು. ಹತ್ತಿರ ಬಂದು ನನ್ನ ಕಾಲು ಹಿಡಿದು ಕೂತಳು. ಆಮೇಲೆ ಕಲ್ಯಾಣಿಯ ಕಡೆ ತಿರುಗಿ ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು:

"ಊರಿನವರ ಕಣ್ಣೆಲ್ಲ ಮುಗಿಸಿ ಕೊನೆಗೆ ನನ್ನ ಮಗನ ಕಣ್ಣು ತಿಂದಿತಲ್ಲ ನಿನ್ನ ನಾಲಗೆ! ಕಬ್ಬಿಣ ಅಂತ ಗೊತ್ತಿದ್ದೂ ಡಾಕ್ಟರಲ್ಲಿಗೆ ಕಳಿಸ್ಲಿಕ್ಕೆ ನಿನಗೆ ಬಾಯಿ ಬರಲಿಲ್ಲವಾ?"

ಕಲ್ಯಾಣಿ ಗಂಜಿಯ ಪಾತ್ರೆ ಹಿಡಿದು ನನ್ನ ಎಡಗಡೆ ನಿಂತಿದ್ದಳು. ನನ್ನ ಕಟ್ಟಿದ ಕಣ್ಣಿನ ಕಡೆ. ತಲೆ ತಿರುಗಿಸಿದರೆ ಕಾಣುತ್ತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಾಳೆ ಎಂದು ನೋಡದೆಯೂ ಗೊತ್ತಿತ್ತು. 'ಅಮ್ಮ, ಅವಳು ಹೇಳಿದ್ದಳು. ನಾನೇ ಕೇಳಲಿಲ್ಲ.' ಇಷ್ಟೇ ಮಾತು. ಅದು ಬಾಯಿಗೆ ಬಂದಿತ್ತು.

ನಾನು ತಿರುಗಲಿಲ್ಲ. ತಲೆ ನೋಯುತ್ತದೆ ಎಂದು ನರಳಿದೆ. ಅಜ್ಜ ಪಕ್ಕದ ಮಂಚದಿಂದ, "ಆಸ್ಪತ್ರೆಯಲ್ಲಿ ಜಗಳ ಬೇಡಮ್ಮ" ಎಂದರು. ಕಲ್ಯಾಣಿ ಪಾತ್ರೆ ಕೆಳಗಿಟ್ಟು ಹೊರಗೆ ಹೋದಳು.

ಹತ್ತನೆಯ ದಿನ ಕಣ್ಣಿನ ಡಾಕ್ಟರು ನನ್ನ ಮಂಚದ ಅಂಚಿನಲ್ಲಿ ಕೂತು ಹೇಳಿದರು. "ಈ ಕಣ್ಣು ತೆಗೆಯಬೇಕು. ಗಾಯವಾದ ಕಣ್ಣು ಒಳಗೇ ಉಳಿದರೆ ಕೆಲವರಿಗೆ ಒಳ್ಳೆಯ ಕಣ್ಣೂ ಹೋಗ್ತದೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಎರಡು ವಾರದ ಒಳಗೆ ತೆಗೆದರೆ ಭಯ ಇಲ್ಲ. ನಿಮ್ಮ ಒಪ್ಪಿಗೆ ಬೇಕು."

ನಾನು ಆಗುವುದಿಲ್ಲ ಎಂದೆ. ಕಾಣದಿದ್ದರೂ ಅದು ಕಣ್ಣೇ ಅಲ್ಲವೇ? ಮುಖದಲ್ಲಿ ಗುಂಡಿ ಇಟ್ಟುಕೊಂಡು ಯಾವ ಶೆಡ್ಡಿಗೆ ಹೋಗಲಿ? ಅಮ್ಮನೂ ಬೇಡ ಎಂದಳು. ಹನ್ನೊಂದನೆಯ ದಿನವೂ ಅದೇ ಮಾತು. ಆ ಸಂಜೆ ಅಮ್ಮ ಕ್ಯಾಂಟೀನಿಗೆ ಹೋದಾಗ ಕಲ್ಯಾಣಿ ಬಂದು ಮಂಚದ ಬಲಗಡೆ ಕೂತಳು. ತನ್ನ ಅಂಗೈಯನ್ನು ನನ್ನ ಒಳ್ಳೆಯ ಕಣ್ಣಿನ ಮೇಲೆ ಮುಚ್ಚಿದಳು. ಒತ್ತಲಿಲ್ಲ. ಗೆರಟೆಯ ಹಾಗೆ ಗುಂಡಗೆ ಹಿಡಿದಳು.

"ಏನು ಕಾಣ್ತದೆ?"

"ಏನಿಲ್ಲ. ಕೈ ತೆಗೆ."

"ನಾನು ಕಾಣ್ತೇನಾ?"

"ಇಲ್ಲ ಮಾರಾಯ್ತಿ. ತೆಗೆ."

"ಇನ್ನು ಸ್ವಲ್ಪ ಹೊತ್ತು ಇರಲಿ. ನಾಳೆ ಹೀಗೇ ಆದ್ರೆ ಹೇಗೆ ಅಂತ ನೋಡಿ."

ಆ ಕತ್ತಲೆಯನ್ನು ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ಎಳೆದೆ. ಅವಳ ಮುಖ ಕಂಡಿತು. "ನನ್ನನ್ನು ನೋಡ್ಲಿಕ್ಕೆ ಒಂದು ಸಾಕು" ಎಂದಳು. "ಅದನ್ನಾದರೂ ಉಳಿಸಿಕೊಳ್ಳುವ."

ಅವಳು ಆಗ ನನ್ನನ್ನು ಏನು ಬೇಕಾದರೂ ಕೇಳಬಹುದಿತ್ತು. ಅಮ್ಮನಿಗೆ ನಿಜ ಹೇಳಿ ಎನ್ನಬಹುದಿತ್ತು. ಕಣ್ಣಿನ ಮಾತು ಬಿಟ್ಟು ಬೇರೆ ಏನೂ ಎತ್ತಲಿಲ್ಲ. ನಾನು ಕಾಗದಕ್ಕೆ ಸಹಿ ಹಾಕಿದೆ. ಮರುದಿನ ಕಣ್ಣು ತೆಗೆದರು.

ಮನೆಗೆ ಬಂದ ಮೇಲಿನದು ಹೇಳುತ್ತೇನೆ, ಯಾಕೆಂದರೆ ಆಸ್ಪತ್ರೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಲೋಟಕ್ಕೆ ನೀರು ಹೊಯ್ದರೆ ಹೊರಗೆ ಬೀಳುತ್ತದೆ. ಮೆಟ್ಟಿಲು ಇರುವುದಕ್ಕಿಂತ ಹತ್ತಿರವೋ ದೂರವೋ ಕಾಣುತ್ತದೆ. ಎಡಗಡೆಯ ಬಾಗಿಲ ದಾರಂದ ದಿನಕ್ಕೊಮ್ಮೆಯಾದರೂ ಭುಜಕ್ಕೆ ಬಡಿಯುತ್ತದೆ. ಮತ್ತೊಂದು ಸಂಗತಿ, ಕಣ್ಣು ಇಲ್ಲದ ಆ ಗುಳಿಯಿಂದಲೂ ನೀರು ಬರುತ್ತದೆ. ನಾನು ಹೆದರಿ ಡಾಕ್ಟರನ್ನು ಕೇಳಿದ್ದೆ. "ನೀರು ಬರುವ ಜಾಗ ಬೇರೆ, ಅದನ್ನು ನಾವು ತೆಗೆದಿಲ್ಲ" ಎಂದರು. ಅಭ್ಯಾಸವಾಗಲು ಒಂದು ವರ್ಷ ಹಿಡಿಯಿತು. ಅಭ್ಯಾಸ ಆಗುತ್ತದೆ. ಈಗ ಹೊಸದಾಗಿ ಕಣ್ಣು ಕಳೆದುಕೊಂಡವರು ಇದನ್ನು ನಂಬಬಹುದು.

ಪೊರ್ಬುಗಳು ನನ್ನನ್ನು ಕೈಬಿಡಲಿಲ್ಲ. ಶೆಡ್ಡಿನಲ್ಲಿ ಸಾಮಾನು ಕೊಡುವ, ತೆಗೆದಿಡುವ ಕೆಲಸ ಕೊಡಿಸಿದರು. ಬೆಳಿಗ್ಗೆ ಎಲ್ಲರ ಚಾಣ ನೋಡಿ ಸಾಣೆ ಹಿಡಿಯುವುದೂ ನನ್ನ ಕೆಲಸ. "ನಿನ್ನಷ್ಟು ಚೆನ್ನಾಗಿ ಇದನ್ನು ಯಾರೂ ನೋಡುವುದಿಲ್ಲ" ಎಂದರು. ಡಾಕ್ಟರು ತೆಗೆದರು ಎಂದು ನಾನು ಹೇಳಿದ ಸುಳ್ಳನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ.

ದಾರಿಯಲ್ಲಿ ಕಲ್ಯಾಣಿ ಯಾವಾಗಲೂ ನನ್ನ ಎಡಬದಿಯಲ್ಲಿ ನಡೆಯುತ್ತಿದ್ದಳು. ಎದುರಿನಿಂದ ಎತ್ತಿನ ಗಾಡಿ ಬಂದರೆ, ದನ ಬಂದರೆ, ಮೊಣಕೈಗೆ ಒಂದು ಬೆರಳು ತಾಗಿಸುವಳು. ನನಗೆ ಅದರಿಂದ ಬಹಳ ಉಪಕಾರವಾಯಿತು. ಆದರೆ ಹಾಗೆ ನಡೆದರೆ ಅವಳು ನನಗೆ ಕಾಣುತ್ತಿರಲಿಲ್ಲ. ನಡೆಯುವಾಗ ಅವಳ ಮುಖ ಹೇಗಿರುತ್ತಿತ್ತು ಎಂದು ನನಗೆ ಗೊತ್ತಿಲ್ಲ.

ಅವಳು ಮತ್ತೆ ಯಾರ ಕಣ್ಣಿಗೂ ನಾಲಗೆ ಹಾಕಲಿಲ್ಲ. ಕೊಯ್ಲಿನ ದಿನಗಳಲ್ಲಿ ಗೊತ್ತಿಲ್ಲದೆ ಯಾರಾದರೂ ಬಂದರೆ ಅಮ್ಮ ಜಗಲಿಯಿಂದಲೇ, "ಅದೆಲ್ಲ ಈಗ ಇಲ್ಲ. ಮನೆಯದ್ದೇ ಒಂದು ತಿಂದು ಮುಗಿಸಿ ಆಗಿದೆ" ಎನ್ನುವಳು. ಕಲ್ಯಾಣಿ ಬಂದವರ ಕಣ್ಣಿಗೆ ಸ್ವಚ್ಛ ನೀರು ಹೊಯ್ಯುವಳು. ಹೊಟ್ಟಾದರೆ ಅಷ್ಟಕ್ಕೆ ಹೋಗುತ್ತಿತ್ತು. "ಏನು ಹಾರಿದ್ದು? ಕಲ್ಲಾ, ಕಬ್ಬಿಣವಾ?" ಎಂದು ಕೇಳಿ, ಹೌದೆಂದರೆ ನೀರೂ ಹಾಕದೆ, ಆ ಹಳೆಯ ಗೆರಟೆಯನ್ನು ಮಾಡಿನಿಂದ ತೆಗೆದು ಕುದಿಸಿ ಕಟ್ಟಿ ಡಾಕ್ಟರಲ್ಲಿಗೆ ಕಳಿಸುವಳು. ಹಾಗೆ ಹೋದವರಲ್ಲಿ ಕಲ್ಲು ಕಡಿಯುವ ಒಬ್ಬನ ಕಣ್ಣು ಉಳಿಯಿತು. ಅವನು ಬಾಳೆಗೊನೆ ಹೊತ್ತು ತಂದ. ಅದನ್ನು ಒಳಗೆ ಇಡಿಸಿಕೊಂಡದ್ದು ಅಮ್ಮ, ಯಾಕೆ ತಂದದ್ದೆಂದು ಕೇಳಲಿಲ್ಲ.

ಅಮ್ಮ ಕೆಟ್ಟವಳಲ್ಲ. ಅವಳು ಕಂಡದ್ದನ್ನು ನಂಬಿದಳು. ಬೇರೆಯದನ್ನು ತೋರಿಸಬೇಕಾದವನು ನಾನು. ಕಲ್ಯಾಣಿ ಬಡಿಸಿದ್ದನ್ನು ಅಮ್ಮ ಉಣ್ಣುವಳು, ಆದರೆ ಕಲ್ಯಾಣಿ ಉಣ್ಣಲು ಕೂತಾಗ ತಾನು ಒಂದು ದಿನವೂ ಬಡಿಸಲಿಲ್ಲ. ನಿಧಾನದ ಊಟಕ್ಕೆ ತಮಾಷೆ ಮಾಡುವುದನ್ನೂ ಬಿಟ್ಟಳು. ಕಲ್ಯಾಣಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಕಣ್ಣು ಹೋದ ಮೂರನೆಯ ವರ್ಷ ಮಗಳು ರತ್ನ ಹುಟ್ಟಿದಳು. ಆಗ ಎಲ್ಲ ಸರಿಯಾಗುತ್ತದೆ ಎಂದುಕೊಂಡೆ. ಆಗಲಿಲ್ಲ.

ಎರಡು ವರ್ಷದ ಹಿಂದೆ ಕೊಯ್ಲಿನಲ್ಲಿ ನನ್ನ ಬಲಗಣ್ಣಿಗೆ ಭತ್ತದ ಮುಳ್ಳು ಬಿತ್ತು. ಇರುವುದು ಅದೊಂದೇ. ನನಗೆ ಕಣ್ಣು ಬಿಡಲಾಗಲಿಲ್ಲ, ಅಂಗಳದಲ್ಲಿ ಕುರುಡನ ಹಾಗೆ ಕೈ ಚಾಚಿ ನಿಂತೆ. ಕಲ್ಯಾಣಿ ಓಡಿ ಬಂದಳು. ನೀರು ಹೊಯ್ದಳು. ಹೋಗಲಿಲ್ಲ.

"ನೀನೇ ತೆಗೆ" ಎಂದೆ. "ಇದು ಮುಳ್ಳು. ನಿನಗೆ ಗೊತ್ತಿರುವುದೇ."

ಅವಳ ಉಸಿರು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ ಇದ್ದಳು. ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ, "ಬೇಡ. ಡಾಕ್ಟರಲ್ಲಿಗೆ ಹೋಗುವ" ಎಂದಳು.

ಎರಡೂ ಕಡೆ ಕತ್ತಲೆಯಾಗಿ ನಾನು ಅವಳ ಕೈ ಹಿಡಿದು ಬಸ್ಸಿನಲ್ಲಿ ಕೂತೆ. ಮೂಡುಬಿದಿರೆ ಹತ್ತಿರ ಬರುವಾಗ ಅವಳು ನನಗೆ ಮಾತ್ರ ಕೇಳುವಂತೆ, "ಆವತ್ತೂ ಹೀಗೇ ಬಂದಿದ್ದರೆ" ಎಂದಳು. ಮುಂದೆ ಹೇಳಲಿಲ್ಲ.

ಒಂಬತ್ತು ವರ್ಷದಲ್ಲಿ ಅವಳು ಆಡಿದ್ದು ಆ ಅರ್ಧ ಮಾತು. ಉಳಿದ ಅರ್ಧ ನನ್ನದಾಗಿತ್ತು. ನನ್ನ ತಪ್ಪು ಕಲ್ಯಾಣಿ, ಮನೆಗೆ ಹೋದ ಕೂಡಲೇ ಅಮ್ಮನಿಗೆ ಹೇಳುತ್ತೇನೆ, ಇಷ್ಟು. ಬಾಯಿ ತೆರೆದೆ. "ಟಿಕೇಟು ಜೋಪಾನ ಇಡು" ಎಂದೆ.

ಅವಳು ನನ್ನ ಕೈ ಬಿಡಲಿಲ್ಲ. "ಉಂಟು" ಎಂದಳು.

ಅದೇ ಹಳೆಯ ಡಾಕ್ಟರು. ಒಂದು ನಿಮಿಷದಲ್ಲಿ ಮುಳ್ಳು ತೆಗೆದರು. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಕಲ್ಯಾಣಿಯ ಮುಖ. ಕೂದಲು ಒಂದೆರಡು ಬೆಳ್ಳಗಾಗಿತ್ತು. ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

ಕಳೆದ ವರ್ಷ ಅವಳಿಗೆ ಜ್ವರ ಬಂತು. ಟೈಫಾಯ್ಡ್ ಎಂದರು. ಹದಿನೇಳು ದಿನ ಇದ್ದಳು. ಪ್ರತಿದಿನ ಅವಳ ಹಣೆಗೆ ಒದ್ದೆಬಟ್ಟೆ ಇಡುವಾಗ ಆ ಮಾತು ನೆನಪಾಗುತ್ತಿತ್ತು. ಗುಣವಾಗಿ ಎದ್ದ ಮೇಲೆ ಸಮಾಧಾನದಲ್ಲಿ ಹೇಳುವ ಎಂದು ಇಟ್ಟುಕೊಂಡೆ. ಅವಳು ಏಳಲಿಲ್ಲ.

ಹದಿಮೂರನೆಯ ದಿನದ ಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುವುದು. ಅವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿ ತೆರೆಯುವುದು.

ಆ ಮಧ್ಯಾಹ್ನ ಎಲೆ ಹಾಕುವ ಮೊದಲು ಜಗಲಿಯಲ್ಲಿ ನೆಂಟರು ಕೂತಿದ್ದರು. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ರತ್ನಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರುತ್ತಿದ್ದಳು. ಮಗುವಿನ ಕಣ್ಣಿಗೆ ಹೋಮದ ಹೊಗೆ ತಾಗಿ ನೀರು ಬರುತ್ತಿತ್ತು.

"ಉಜ್ಜಬೇಡ ಮಗಾ" ಎಂದಳು ಚಿಕ್ಕಮ್ಮ. "ನಿನ್ನ ಅಮ್ಮನ ನಾಲಗೆಯಿಂದ ಈ ಮನೆಯಲ್ಲಿ ಒಂದು ಕಣ್ಣು ಹೋದದ್ದು ಸಾಕು."

ಕರುಣೆಯಿಂದಲೇ ಹೇಳಿದ್ದು. ರತ್ನ ತಲೆ ಎತ್ತಿ ನನ್ನ ಮುಖ ನೋಡಿದಳು. ಆರು ವರ್ಷದ ಮಗು. ಮೊದಲ ಸಲ ನನ್ನ ಕಣ್ಣಿನ ಗುಳಿಯನ್ನು ನೋಡುವ ಹಾಗೆ ನೋಡಿದಳು.

"ಅವಳ ನಾಲಗೆಯಿಂದ ಹೋದದ್ದಲ್ಲ" ಎಂದೆ. "ಡಾಕ್ಟರಲ್ಲಿಗೆ ಹೋಗುವ ಅಂತ ಎರಡು ಸಲ ಹೇಳಿದ್ದಳು. ಇದು ನನ್ನ ಕೆಲಸ ಅಲ್ಲ ಅಂದಳು. ಕೈ ಹಿಡಿದು ಎಳೆದು ಕೂರಿಸಿದ್ದು ನಾನು. ಮರುದಿನ ಹೋಗ್ತೇನೆ ಅಂತ ಹೇಳಿ ಹೋಗದವನು ನಾನು."

ಅಮ್ಮ ಬಾಗಿಲಲ್ಲಿ ಬಾಳೆಲೆ ಹಿಡಿದು ನಿಂತಿದ್ದಳು.

"ಅವಳು ಯಾಕೆ ನನ್ನಲ್ಲಿ ಹೇಳಲಿಲ್ಲ?"

"ನಾನು ಹೇಳಲಿ ಅಂತ ಕಾದಳು ಅಮ್ಮ."

ಅಮ್ಮ ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಹೊಡೆದರೂ ಆಗುತ್ತಿತ್ತು. ಅವಳು ಒಳಗೆ ಹೋದಳು. ಬಡಿಸಬೇಕಾಗಿದ್ದವಳು ಗಂಡನ ಮನೆಯಿಂದ ಬಂದಿದ್ದ ನನ್ನ ಅಕ್ಕ. ಅಕ್ಕನ ಕೈಯಿಂದ ಪಾತ್ರೆ ತೆಗೆದುಕೊಂಡು ಅಮ್ಮನೇ ಕೂತು ಬಡಿಸಿದಳು. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಕಲ್ಯಾಣಿಗೆ ಇಷ್ಟವಾದ ಹಲಸಿನ ಬೀಜದ ಪಲ್ಯ. ಒಂದೊಂದನ್ನೂ ಎಲೆಯ ಮೇಲೆ ಮೆಲ್ಲ ಇಟ್ಟಳು. ನೀರಿನ ಲೋಟ ಇಟ್ಟಳು. "ಉಣ್ಣು ಮಗಾ" ಎಂದಳು. ಬಾಗಿಲು ಎಳೆದು ಹೊರಗೆ ಬಂದು ಹೊಸ್ತಿಲ ಪಕ್ಕದಲ್ಲೇ ನೆಲದಲ್ಲಿ ಕೂತಳು.

ನಾನು ರತ್ನಳನ್ನು ಕರೆದು ನನ್ನ ಬಲಗಡೆ ಕೂರಿಸಿಕೊಂಡೆ.

ಕಾಯುವಷ್ಟು ಹೊತ್ತು ಕಾದೆವು. ಹಿರಿಯರೊಬ್ಬರು ಎದ್ದು, "ಆಯ್ತಲ್ಲ, ಇನ್ನು ಬಾಗಿಲು ತೆಗೆಯುವ. ಜನ ಊಟಕ್ಕೆ ಕಾಯ್ತಿದ್ದಾರೆ" ಎಂದು ಕೈ ಮುಂದೆ ಮಾಡಿದರು.

ಅಮ್ಮ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಸ್ವಲ್ಪ ಇರಿ" ಎಂದಳು. "ಅವಳದ್ದು ಊಟ ನಿಧಾನ."